ಖಾಲಿ ಕುಣಿ ತೋರಿಸಿದ ಮಾಸ್ತರರು

“ಪಗಾರ ತೊಗೊಂಡು ಚೆಂಡಾಡೋ ಮಾಸ್ತರ! ನಾಚಿಕಿ ಐತೇನ್ರೀ ನಿಮಗ? ಕೇರಿ ಹುಡುಗಿಗೆ ನನ್ನ ಮಗನ ಕೈಲೆ ಚೆಂಡು ಒಗಸ್ತೀರೇನು?”

ಬಳಗಾನೂರಿನ ಚಹಾದಂಗಡಿ ಎದುರು, ನಸುಕಿನಲ್ಲಿ, ಅಮರಗುಂಡಪ್ಪನವರು ಕೂಗಾಡುತ್ತಾರೆ. ಕೂತ ಮಂದಿ ನಗುತ್ತಾರೆ. ಕರಿಬಸಯ್ಯ ಮಾಸ್ತರರ ಕಂಕುಳಲ್ಲಿ ಚಿಂದಿ ಬಟ್ಟೆಯ ಚೆಂಡಿದೆ.

ಇದು ೧೯೫೪. ಸಾಲಿ ನಡೆಯುವುದು ಅಮರಗುಂಡಪ್ಪನವರ ದನದ ಕೊಟ್ಟಿಗೆಯಲ್ಲೇ. ಬರೆಯಲು ಪಾಟಿ ಇಲ್ಲದ ಮಕ್ಕಳೇ ಹೆಚ್ಚು. ಅದಕ್ಕೇ ಮಸ್ಕಿಯಿಂದ ಬಂದ ಈ ಮಾಸ್ತರರು ಲೆಕ್ಕವನ್ನು ಬಯಲಿಗೆ ತಂದಿದ್ದಾರೆ. ಮಕ್ಕಳು ಸುತ್ತ ನಿಂತು ಚೆಂಡು ಒಗೆಯುತ್ತಾರೆ. ಒಬ್ಬೊಬ್ಬರ ಮುಂದೂ ನೆಲದಲ್ಲಿ ತೋಡಿದ ಒಂದೊಂದು ಕುಣಿ. ಚೆಂಡು ಹಿಡಿದರೆ ತಮ್ಮ ಕುಣಿಯಲ್ಲಿ ಹುಣಸೆ ಬೀಜ, ಬಿಟ್ಟರೆ ಹರಳುಕಲ್ಲು. ಆಟ ಮುಗಿದ ಮೇಲೆ ಎಲ್ಲವನ್ನೂ ನೆಲದ ಮೇಲೆ ಸಾಲು ಹಚ್ಚುತ್ತಾರೆ. ಯಾರ ಸಾಲು ಉದ್ದ, ಯಾರದು ಗಿಡ್ಡ?

“ಬಾಯಿಗೆ ಬಂದದ್ದು ಹೇಳಬ್ಯಾಡ್ರಿ, ಕುಣಿ ನೋಡಿ ಹೇಳ್ರಿ” ಎನ್ನುವುದು ಮಾಸ್ತರರ ಒಂದೇ ಮಾತು.

ಒಂದು ದಿನ ಊರ ಹೊರಗಿನ ಕೇರಿಯ ಗದ್ದೆಮ್ಮನ ಕುಣಿಯಲ್ಲಿ ಬೀಜ ಇರಲಿಲ್ಲ.

“ಆಕಿಗೆ ಹಿಡಿಯಾಕ ಬರಂಗಿಲ್ರೀ” ಎಂದರು ಹುಡುಗರು.

“ಹಂಗಾದ್ರ ಹರಳರ ಇರಬೇಕಲ್ಲೋ?” ಎಂದರು ಮಾಸ್ತರರು.

ಹರಳೂ ಇರಲಿಲ್ಲ. ಅಮರಗುಂಡಪ್ಪನವರ ಮಗ ಶಿವಶರಣಪ್ಪ ಆ ಕುಣಿಯನ್ನೇ ನೋಡುತ್ತ ನಿಂತ. “ಚೆಂಡು ಆಕಿ ಕಡೆ ಹೋಗೇ ಇಲ್ರೀ” ಎಂದ. ಮರುದಿನ ಯಾರೂ ಹೇಳದೆ ಆಕೆಯ ಕಡೆಗೇ ಒಗೆದ. ಆಕೆ ಹಿಡಿದಳು. ಊರಿನ ದೊಡ್ಡವರು ಕಣ್ಣಿದ್ದೂ ಕಾಣದ್ದು ಒಂದು ಕುಣಿಯಲ್ಲಿ ಕಂಡಿತ್ತು.

ಗದ್ದೆಮ್ಮನ ತಾಯಿ ಗಾಳೆಮ್ಮ ತನ್ನ ಹಳೆ ಸೀರೆ ಹರಿದು ಚೆಂಡು ಹೊಲಿದು ತಂದಳು. “ನನ್ನ ಮಗಳ ಕುಣ್ಯಾಗ ಬೀಜ ಬಿದ್ದಾವಂತ್ರೀ ಯಪ್ಪಾ. ನಾ ಏನು ಕೊಡ್ಲಿ? ಇದs ಕೊಡ್ತೀನಿ.”

ಈಗ ಮಾಸ್ತರರ ಕಂಕುಳಲ್ಲಿರುವುದು ಅದೇ ಚೆಂಡು.

ಅಮರಗುಂಡಪ್ಪನವರು ದನಿ ತಗ್ಗಿಸುತ್ತಾರೆ. “ನೋಡ್ರೀ ಅಯ್ನೋರ, ನೀವು ಹೇಳಿ ಒಗಿಸಿದ್ರೋ, ಅವನs ಒಗದಾನೋ? ಅವನs ಒಗದಿದ್ರ ಹೇಳಿಬಿಡ್ರಿ. ಅವನ ಚರ್ಮ ಸುಲೀತೀನಿ, ಕೊಟ್ಟಿಗಿ ನಿಮಗs ಇರ್ಲಿ. ಇಲ್ಲಾಂದ್ರ ಇವತ್ತs ಖಾಲಿ ಮಾಡ್ರಿ.”

ನಿಜ ಹೇಳಿದರೆ ಸಾಲಿಗೆ ಸೂರು ಉಳಿಯುತ್ತದೆ, ಹುಡುಗನ ಬೆನ್ನು ಉಳಿಯುವುದಿಲ್ಲ. ಅಂಗಡಿಯ ಮಂದಿ ಕಿವಿಗೊಟ್ಟು ಕಾಯುತ್ತಾರೆ.

ಅತ್ತ ಬಯಲಿನ ಹುಣಸೆ ಮರದ ಕೆಳಗೆ ಮಕ್ಕಳು ಆಗಲೇ ಕುಣಿ ತೋಡುತ್ತಿದ್ದಾರೆ. ಕರಿಬಸಯ್ಯನವರು ಚೆಂಡನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು, ಕೊಟ್ಟಿಗೆಯ ಕಡೆ ಹೊರಳಿಯೂ ನೋಡದೆ, ಆ ಮರದ ಕಡೆ ನಡೆದುಬಿಡುತ್ತಾರೆ.