ಉಳಿದವರಲ್ಲಿ ಶೇಕಡಾ ನಲವತ್ತು

ಮೊನ್ನೆ ನುಸಿಗುಳಿಗೆ ಹಾಕಲೆಂದು ಟ್ರಂಕು ತೆಗೆದಾಗ ಹಳೇ ಸೀರೆಗಳ ಕೆಳಗಿನಿಂದ ಒಂದು ಪ್ರಶ್ನೆಪತ್ರಿಕೆ ಕೈಗೆ ಬಂತು. ಎಸ್ಸೆಸ್ಸೆಲ್ಸಿ ಗಣಿತ. ಮಡಿಕೆಯೊಳಗೆ ಪಚ್ಚೆತೆನೆಯ ಒಂದು ಕುಡಿ ಒಣಗಿ ಪುಡಿಯಾಗಿತ್ತು. ಅದರ ವಾಸನೆ ಒಂಚೂರು ಉಳಿದಿತ್ತೋ, ನನಗೇ ಹಾಗನಿಸಿತೋ... ಪಕ್ಕದ ಮನೆ ಅಕ್ಕ ನೆನಪಾದಳು. ನೆನಪಾದಳು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೆ! ಈ ಪತ್ರಿಕೆಯನ್ನು ಬಿಸಾಕಲೂ ಆಗದೆ, ಬಿಚ್ಚಿ ನೋಡಲೂ ಆಗದೆ ಇಷ್ಟು ವರ್ಷ ಟ್ರಂಕಿನ ತಳದಲ್ಲಿ ಹೂತಿಟ್ಟಿದ್ದೆ.

ಎಪ್ಪತ್ತರ ದಶಕದ ಮಾತು. ಚನ್ನಗಿರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವಳಿಗೆ ಹದಿನೇಳು, ನನಗೆ ಹದಿಮೂರು. ಮಾರ್ಚ್ ಪರೀಕ್ಷೆಯಲ್ಲಿ ಬೇರೆಲ್ಲ ಪಾಸಾಗಿ ಲೆಕ್ಕದಲ್ಲಿ ಮಾತ್ರ ಡುಮ್ಕಿ ಹೊಡೆದಿದ್ದಳು. ಅಕ್ಟೋಬರ್‌ಗೆ ಮತ್ತೆ ಕಟ್ಟುವಾಗ ಅವರಪ್ಪ ಹೇಳಿದ್ದು ಗೋಡೆಯಾಚೆ ನಮಗೂ ಕೇಳಿಸಿತ್ತು. “ಇದೊಂದು ಸಲ ನೋಡ್ತೀನಿ. ಪಾಸಾದ್ರೆ ಟೀಚರ್ ಟ್ರೈನಿಂಗಿಗೆ ಕಳಿಸ್ತೀನಿ. ಇಲ್ಲಾಂದ್ರೆ ಜಗಳೂರಿನ ನಿಮ್ಮ ಮಾವ ಕೇಳ್ತಾನೇ ಅದಾನೆ, ಕೊಟ್ಟುಬಿಡ್ತೀನಿ.” ಆ ಮಾವನ ಮೊದಲ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅವನ ವಯಸ್ಸು ಇವಳದರ ಎರಡರಷ್ಟು.

ಲೆಕ್ಕದಲ್ಲಿ ಜಾಣೆ, ಜಾಣೆ ಎಂದು ಬೀದಿಯವರೆಲ್ಲ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದ್ದರು. ಎಂಟನೇ ಕ್ಲಾಸಿನವಳು ಹತ್ತನೆಯವಳಿಗೆ ಪಾಠ ಹೇಳುವುದೆಂದರೆ! ಸೊಕ್ಕು, ಇನ್ನೇನು. ದಿನಾ ಸಂಜೆ ಅವರ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿಕೊಡುತ್ತಿದ್ದೆ. ಭಿನ್ನರಾಶಿ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಕಾಲು, ಅರೆ, ಮುಕ್ಕಾಲು ಅಡುಗೆಮನೆಯಲ್ಲಿ ಅಳೆದು ಗೊತ್ತಿದ್ದ ಸಂಗತಿಗಳು. ಶೇಕಡಾ ಅಂದರೆ ಮಾತ್ರ ಮುಖ ಸಣ್ಣದಾಗುತ್ತಿತ್ತು. ಎರಡೂ ಸೇರಿದ ಲೆಕ್ಕಗಳಿಗೆ ನಾನೊಂದು ಸುಲಭದ ದಾರಿ ಕಂಡುಹಿಡಿದಿದ್ದೆ. ಭಿನ್ನರಾಶಿಯನ್ನೂ ಶೇಕಡಾ ಮಾಡು, ಎಲ್ಲಾ ಕೂಡು, ನೂರರಲ್ಲಿ ಕಳೆ. ಎಂಟನೇ ಕ್ಲಾಸಿನ ಲೆಕ್ಕಗಳಿಗೆಲ್ಲ ಅಷ್ಟು ಸಾಕಾಗುತ್ತಿತ್ತು.

ಒಂದು ಸಂಜೆ ಅವಳು ಪುಸ್ತಕದಲ್ಲಿ ಒಂದು ಪದದ ಮೇಲೆ ಬೆರಳಿಟ್ಟಳು. “ಅಲ್ವೇ, ಇಲ್ಲಿ ‘ಉಳಿದವರಲ್ಲಿ’ ಅಂತ ಐತಲ್ಲ, ಅದನ್ನೇನು ಮಾಡಾದು?”

“ಅದು ಸುಮ್ನೆ ಬರ್ದಿರ್ತಾರೆ ಬಿಡಕ್ಕ. ನಿಂಗೆ ಅಂಕಿ ಸಾಕು.”

ಹಾಗಂದೆ ನಾನು. ನನ್ನ ಬಾಯಿಗೆ ಮಣ್ಣು ಹಾಕ!

ಪರೀಕ್ಷೆ ಮುಗಿಸಿ ಅವಳು ಸೀದಾ ನಮ್ಮ ಮನೆಗೇ ಬಂದಳು. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ತನ್ನ ಉತ್ತರಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ನಾಲ್ಕು ಅಂಕದ ಒಂದು ಲೆಕ್ಕ ಹೀಗಿತ್ತು: ಒಂದು ಊರಿನ ಜನರಲ್ಲಿ ಕಾಲು ಭಾಗ ಮಕ್ಕಳು. ಉಳಿದವರಲ್ಲಿ ಶೇಕಡಾ ನಲವತ್ತು ಹೆಂಗಸರು. ಹಾಗಾದರೆ ಊರಿನಲ್ಲಿ ಗಂಡಸರು ಶೇಕಡಾ ಎಷ್ಟು? ಇಪ್ಪತ್ತೈದು, ನಲವತ್ತು ಕೂಡಿ ಅರವತ್ತೈದು. ನೂರರಲ್ಲಿ ಕಳೆದರೆ ಮೂವತ್ತೈದು. ಅವಳೂ ಮೂವತ್ತೈದೇ ಬರೆದಿದ್ದಳು.

“ಪಾಸ್ ಮಾರ್ಕ್ಸೇ ಉತ್ತರ ಬಂದೈತೆ ಕಣೇ!” ಎಂದು ನಕ್ಕು, ಜಡೆಯಲ್ಲಿದ್ದ ಪಚ್ಚೆತೆನೆ ತೆಗೆದು ನನಗೆ ಕೊಟ್ಟಳು. ನಾನು ದೊಡ್ಡ ಮೇಡಮ್ಮಿನ ಹಾಗೆ ಎಲ್ಲ ಸರಿಯಿದೆ ಎಂದು ತೀರ್ಪು ಕೊಟ್ಟು, ಪಚ್ಚೆತೆನೆಯನ್ನು ಪತ್ರಿಕೆಯೊಳಗಿಟ್ಟು ಮಡಿಚಿ, ನನ್ನ ಹತ್ತಿರವೇ ಇಟ್ಟುಕೊಂಡೆ.

ಬಂದದ್ದು ಮೂವತ್ತೆರಡು. ಮೂರು ಅಂಕ ಕಡಿಮೆ. ಅವಳು ಅಳಲಿಲ್ಲ, ಅವರಪ್ಪ ಬೈಯಲೂ ಇಲ್ಲ. ಮಾಘದಲ್ಲಿ ಮದುವೆ ಆಗಿಹೋಯಿತು.

ಮರುವರ್ಷ ನಮ್ಮ ಲೆಕ್ಕದ ಮೇಷ್ಟ್ರು ಅದೇ ಪತ್ರಿಕೆಯ ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ‘ಉಳಿದವರಲ್ಲಿ’ ಎಂಬ ಪದಕ್ಕೆ ಸುತ್ತು ಹಾಕಿದರು. “ಇದನ್ನ ನುಂಗಿದೋರು ಕೆಟ್ರು. ಮಕ್ಕಳನ್ನ ಬಿಟ್ರೆ ಉಳಿಯೋದು ಎಪ್ಪತ್ತೈದು. ನಲವತ್ತು ಪರ್ಸೆಂಟು ಆ ಎಪ್ಪತ್ತೈದಕ್ಕೆ ಹಾಕಬೇಕ್ರೋ, ನೂರಕ್ಕಲ್ಲ.” ಹೆಂಗಸರು ಮೂವತ್ತು, ಗಂಡಸರು ನಲವತ್ತೈದು. ನಾನೂ ನೋಟ್‌ಬುಕ್ಕಿನಲ್ಲಿ ನಲವತ್ತೈದು ಎಂದು ಬರೆದುಕೊಂಡೆ. ಯಾರಿಗೂ ಹೇಳಲಿಲ್ಲ. ಅವಳು ಹೋಗಬೇಕಿದ್ದ ಟ್ರೈನಿಂಗಿಗೆ ನಾನು ಹೋದೆ, ನ್ಯಾಮತಿ ಕಡೆಯ ಶಾಲೆಯೊಂದರಲ್ಲಿ ಟೀಚರಾದೆ.

ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಜಗಳೂರಿಗೆ ಹೋಗುವ ಕೆಲಸ ಬಿದ್ದಾಗ, ತಪ್ಪು ಒಪ್ಪಿಕೊಳ್ಳಲೆಂದೇ ಅವಳ ಮನೆ ಹುಡುಕಿಕೊಂಡು ಹೋದೆ. ಗುರುತು ಸಿಗದಷ್ಟು ಇಳಿದುಹೋಗಿದ್ದಳು, ಮಾತಿಗೊಮ್ಮೆ ಕೆಮ್ಮು. ಗಂಡನಿಗೆ, ನಾಲ್ಕು ಮಕ್ಕಳಿಗೆ, ನನಗೆ ಬಡಿಸಿದ ಮೇಲೆ ರೊಟ್ಟಿ ಬುಟ್ಟಿಯಲ್ಲಿ ಅರ್ಧ ರೊಟ್ಟಿ ಇತ್ತು. ಅದನ್ನೇ ತಿಂದು ನೀರು ಕುಡಿದಳು. ಹೊರಡುವಾಗ ಬಾಗಿಲ ಹತ್ತಿರ ತಡವರಿಸುತ್ತ ಎಲ್ಲ ಹೇಳಿದೆ. ಅವಳು ನನ್ನ ಬೆನ್ನು ತಟ್ಟಿದಳು.

“ಬಿಡೇ, ಹುಚ್ಚಿ. ನೀನು ಹೆಂಗೆ ಹೇಳ್ಕೊಟ್ಟಿದ್ರೂ ಆ ಲೆಕ್ಕ ನಂಗೆ ಬರ್ತಿರಲಿಲ್ಲ.”

ಆ ಮಾತು ಹಿಡಿದುಕೊಂಡೇ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದು. ಮರುವರ್ಷ ಅವಳು ಹೋದಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ತಿಂಗಳಾಗಿತ್ತು...

ಮೊನ್ನೆ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಿಚ್ಚಿದೆ. ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ಒರೆಸಿ ಮತ್ತೆ ನೋಡಿದೆ. ಅಂಚಿನ ಮೂವತ್ತೈದರ ಕೆಳಗೆ ಕಾಗದ ಸವೆದಿದೆ, ರಬ್ಬರಿನಿಂದ ಉಜ್ಜಿದ್ದಾಳೆ. ಪೆನ್ಸಿಲು ಒತ್ತಿದ ಗುರುತು ಮಾತ್ರ ಹೋಗಿಲ್ಲ. ಮೊದಲು ಬರೆದಿದ್ದದ್ದು ನಲವತ್ತೈದು.

ಬಂದಿತ್ತಲ್ಲೇ ಅಕ್ಕಾ, ನಿನಗೆ ಬಂದಿತ್ತು.