ಕುಮಾರಿಯಕ್ಕನ ಬಿಸಿನೀರು

ಕುಮಾರಿಯಕ್ಕ ಸಿಟ್ಟು ಬಂದರೆ ಕೂಗುವವಳಲ್ಲ, ಪಾತ್ರೆ ಕುಕ್ಕುವವಳೂ ಅಲ್ಲ. ಸಿಟ್ಟು ಬಂದ ದಿನ ಅವಳ ಮನೆ ಇನ್ನಷ್ಟು ಚೊಕ್ಕಟವಾಗಿರುತ್ತದೆ. ಹರದನಹಳ್ಳಿಯ ನಮ್ಮ ಬೀದಿಯಲ್ಲಿ ಅವಳ ಅಂಗಳ ಮಿರಮಿರನೆ ಹೊಳೆದ ಆ ದಿನಗಳಲ್ಲಿ, ಗಂಡ ಶಿವಸ್ವಾಮಿ ಉಂಡ ಕೈ ತೊಳೆದೊಡನೆ ಹೊರಗೆ ಬೀಳುತ್ತಿದ್ದ.

ಕಾರಣ ವಾಷಿಂಗ್ ಮೆಷಿನ್ನು. ಬದನಗುಪ್ಪೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ, ಬಣ್ಣ ಅದ್ದುವ ತೊಟ್ಟಿಗಳ ಬಳಿ ಅವಳ ಕೆಲಸ. ಬಣ್ಣದ ನೀರು ಅಂಗೈಗಳನ್ನು ಬೇಸಿಗೆಯ ಕೆರೆಯಂಗಳದಂತೆ ಸೀಳಿತ್ತು. ಸೋಪು ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಕಾರ್ಖಾನೆಯ ಬಟ್ಟೆಗೆ ಹತ್ತಿದ ಬಣ್ಣವೋ, ತಣ್ಣೀರಿಗೆ ಬಗ್ಗುವುದಿಲ್ಲ. ಅದಕ್ಕೇ ತನ್ನ ಸಂಬಳದಲ್ಲಿ, ನೀರನ್ನು ತಾನೇ ಕಾಯಿಸಿಕೊಂಡು ಒಗೆಯುವ ಮೆಷಿನ್ನು ತಂದಳು. ಗಾಜಿನ ಬಾಗಿಲಾಚೆ ಬಟ್ಟೆ ಉರುಳುವಾಗ ಎದುರಿಗೆ ಕೂತು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾವು ಕಂಡದ್ದು ಆಗ ಮಾತ್ರ.

ಆಯುಧಪೂಜೆ ಕಳೆದ ಮೇಲೆ ಅದು ಕೆಟ್ಟಿತು. ನೀರು ತುಂಬಿಕೊಂಡು, ಕಾಯದೆ, ಅರ್ಧದಲ್ಲೇ ನಿಂತು ಕೆಂಪು ದೀಪ ಮಿಣುಕಿಸಿತು. ಅತ್ತೆ ದೊಡ್ಡಮಲ್ಲಮ್ಮ ಜಗಲಿಯಿಂದಲೇ ತೀರ್ಪು ಕೊಟ್ಟರು: "ಕಂಬ್ಳಿ ತುರ್ಕಿ ತುರ್ಕಿ ಕೆಡಿಸ್ಬುಟ್ಟೆ ಕಣಮ್ಮಿ." ಚಾಮರಾಜನಗರದಿಂದ ಬಂದ ರಿಪೇರಿಯವನು ಹಿಂದಿನ ಮುಚ್ಚಳವನ್ನೂ ಬಿಚ್ಚದೆ, ಬೋರ್ಡು ಸುಟ್ಟಿದೆ, ಹೊಸದೇ ಲೇಸು ಎಂದು ಕಾಫಿ ಕುಡಿದು ಹೋದ. ಶಿವಸ್ವಾಮಿ ಹೆಂಡತಿಯನ್ನು ಕೇಳದೆ ಗುಂಡ್ಲುಪೇಟೆಯ ಹಳೇ ಸಾಮಾನಿನ ವ್ಯಾಪಾರಿಗೆ ಫೋನ್ ಮಾಡಿ, ಭಾನುವಾರ ಗಾಡಿ ತರಲು ಹೇಳಿದ. ಹೊಸದರ ಮಾತೆತ್ತಲಿಲ್ಲ. ತನ್ನವ್ವ ಕೈಯಲ್ಲೇ ಒಗೆದು ಸಂಸಾರ ಮಾಡಲಿಲ್ಲವೇ ಎಂದ. ಕುಮಾರಿಯಕ್ಕ ಅಂಗಳವನ್ನು ಮತ್ತೊಮ್ಮೆ ತೊಳೆದಳು.

ಕಾರ್ಖಾನೆಯ ತೊಟ್ಟಿ ಕಾಯದಿದ್ದಾಗ ಫಿಟ್ಟರ್ ಮುಷರಫ್ ಮೊದಲು ಶಾಖ ಅಳೆಯುವ ಸೆನ್ಸರನ್ನೇ ನೋಡುವುದನ್ನು ಅವಳು ಕಂಡಿದ್ದಳು. ಊಟದ ಹೊತ್ತಿನಲ್ಲಿ ಅವನನ್ನು ಕೇಳಿದಳು. ಮೊದಲು ಪ್ಲಗ್ ಕಿತ್ತು ನೀರು ಬಸಿಯಬೇಕು, ಹಿಂದೆ ತಳದಲ್ಲಿ ಹೀಟರ್ ಪಕ್ಕದಲ್ಲೇ ಸೆನ್ಸರ್ ಇರುತ್ತದೆ ಎಂದು ವಿವರಿಸಿ ಅವನು ತನ್ನ ಮೀಟರನ್ನೂ ಕೊಟ್ಟ. ಸೆನ್ಸರ್ ತಣ್ಣಗಿದ್ದಾಗ ಮೀಟರಿನ ಅಂಕಿ ದೊಡ್ಡದಿರುತ್ತದೆ, ಬಿಸಿನೀರಿಗೆ ಅದ್ದಿದರೆ ಇಳಿಯಬೇಕು.

"ಗಂಡಸ್ರ ಸಿಟ್ಟಿನ ಥರ ಅಲ್ಲಕ್ಕ ಇದು," ಎಂದ. "ಕಾದಷ್ಟೂ ಇಳೀತದೆ."

ಅವಳು ನಗಲಿಲ್ಲ.

ಆ ಸಂಜೆ ಮುಚ್ಚಳ ಬಿಚ್ಚಿ, ಸೆನ್ಸರ್ ಕಳಚಿ, ತುದಿಯನ್ನು ಬಿಸಿನೀರಿನ ಚೊಂಬಿಗೆ ಇಳಿಬಿಟ್ಟಳು. ಮೀಟರಿನ ಅಂಕಿ ಕದಲಲಿಲ್ಲ. ವೈರು ಸೇರುವ ಕಡೆ ಪಿನ್ನುಗಳಿಗೆ ಹಸಿರು ತುಕ್ಕು ಹಿಡಿದಿತ್ತು. ಸೆನ್ಸರಿನ ಕತ್ತಿನ ಸಂದಿಯಲ್ಲಿ ಒದ್ದೆಯಾಗಿ ಗಟ್ಟಿಗೊಂಡ ವಿಭೂತಿ, ಅದರೊಳಗೆ ಕುಂಕುಮ.

ಹಬ್ಬದ ಬೆಳಿಗ್ಗೆ ಶಿವಸ್ವಾಮಿ ಬೈಕು ತೊಳೆದ ಪೈಪನ್ನೇ ಒಳಗೆ ಎಳೆತಂದಿದ್ದ. ಮೆಷಿನ್ನೂ ಆಯುಧವೇ ಎಂದು ಹಿಂದೆ ಮುಂದೆ ನೀರು ಹಾಯಿಸಿ, ಮೈತುಂಬ ವಿಭೂತಿ ಕುಂಕುಮ ಬಳಿದು, ಮತ್ತೆ ತೀರ್ಥವೆಂದು ಇನ್ನೊಂದು ಚೊಂಬು ಸುರಿದಿದ್ದ. ಬೇಡ ಅಂದಿದ್ದಳು. ಹಬ್ಬದ ದಿನ ಅಪಶಕುನ ನುಡಿಯಬೇಡ ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದ್ದರು.

ಅವಳು ಸೆನ್ಸರನ್ನು ಗಂಡನ ಅಂಗೈ ಮೇಲಿಟ್ಟಳು.

"ಕಂಬ್ಳೀಲಿ ಕುಂಕುಮ ಇತ್ತಾ?"

ಅವನು ತಿರುಗಿಸಿ ನೋಡಿದ. "ದೇವ್ರ ಕೆಲ್ಸ ಮಾಡ್ದೋನ್ನೇ ಕಳ್ಳ ಮಾಡ್ತಿಯಲ್ಲಾ."

"ದೇವ್ರು ಪೈಪ್ ಇಡ್ಕಂಡು ಬಂದಿರ್ನಿಲ್ಲ."

ದೊಡ್ಡಮಲ್ಲಮ್ಮ ಎಲೆ ಅಡಿಕೆಯ ಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಕಂಬಳಿಯ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಪ್ಪು ಯಾರದೆಂದು ತಿಳಿದ ಮೇಲೂ ಮನೆ ಹಾಗೇ ಇತ್ತಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು.

ಮರುದಿನ ಕೆಲಸದಿಂದ ಬರುತ್ತಾ ಚಾಮರಾಜನಗರದಲ್ಲಿ ಇಳಿದು ಹೊಸ ಸೆನ್ಸರ್ ತಂದಳು. ತುಕ್ಕು ಕೆರೆದು, ಒಣಗಿಸಿ, ಕೂಡಿಸಿದಳು. ಸೀಳಿದ ಬೆರಳು ಸ್ಕ್ರೂ ತಿರುಗಿಸುವಾಗ ಎರಡು ಕಡೆ ಬಿರಿಯಿತು. ಹತ್ತಿರ ಬಂದ ಗಂಡನಿಗೆ, ದೀಪಕ್ಕೆ ಅಡ್ಡ ನಿಲ್ಲಬೇಡಿ ಎಂದಳು, ಅಷ್ಟೇ.

ಭಾನುವಾರ ಗುಂಡ್ಲುಪೇಟೆಯ ಗಾಡಿ ಬಂದೇಬಿಟ್ಟಿತು. ಬೇಡವೆಂದು ಒಂದು ಫೋನ್ ಮಾಡಲು ಶಿವಸ್ವಾಮಿಗೆ ಬಾಯಿ ಬಂದಿರಲಿಲ್ಲ. ವ್ಯಾಪಾರಿ ಹಗ್ಗ ಹಿಡಿದು ಒಳಬಂದಾಗ ಮೆಷಿನ್ನು ತಿರುಗುತ್ತಿತ್ತು. ಅವಳು ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು.

"ನೀರು ಕಾದದೆ. ಇದು ಕೊಡಾಕಲ್ಲ, ಓಗಿ."

ಅಷ್ಟು ದೂರದಿಂದ ಬಂದಿದ್ದೇನೆ, ಯಜಮಾನರೇ ಮಾತು ಕೊಟ್ಟಿದ್ದಾರೆ ಎಂದು ವ್ಯಾಪಾರಿ ಗೊಣಗಿದ.

"ಮಾತ್ ಕೊಟ್ಟಿದ್ರೆ ಮಾತ್ನೇ ಗಾಡಿಗೆ ಏರ್ಸ್ಕಳಿ," ಎಂದಳು ಕುಮಾರಿಯಕ್ಕ, ದನಿ ಏರಿಸದೆ.

ಖಾಲಿ ಗಾಡಿ ಗುಂಡ್ಲುಪೇಟೆಯ ಕಡೆ ತಿರುಗಿತು. ಅದನ್ನು ಕಳಿಸಲು ಹೊರಬಂದ ಶಿವಸ್ವಾಮಿ ಬೀದಿಯಲ್ಲೇ ಉಳಿದ, ಒಳಗಿನಿಂದ ಯಾರಾದರೂ ಕರೆಯಲಿ ಎನ್ನುವಂತೆ. ಅವಳು ಕರೆಯಲಿಲ್ಲ.