ಬೆಳಕೆಯ ಬಕುಳಕ್ಕೆ ಕಟ್ಟಿದ ಗೂಟಿ

ಭಟ್ಕಳದ ಹತ್ತಿರದ ಬೆಳಕೆಯಲ್ಲಿ ನಮ್ಮ ತವರು ಮನೆ ಸಮುದ್ರಕ್ಕೆ ಬೆನ್ನು ಹಾಕಿ ಕೂತಿತ್ತು. ಮನೆ ದಿಣ್ಣೆಯ ಮೇಲೆ, ಹಿಂದಿನ ಇಳಿಜಾರಿನಲ್ಲಿ ತೆಂಗಿನ ಸಾಲು, ಅದರಾಚೆ ಮರಳು, ಮರಳಿನಾಚೆ ನೀರು. ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ನೀರು ಮುಟ್ಟುವಷ್ಟರಲ್ಲಿ ಅಂಗಾಲು ಸುಟ್ಟು ಹೋಗುತ್ತಿತ್ತು. ಮದುವೆಯಾಗಿ ಕುಮಟೆಗೆ ಹೋದ ಮೇಲೆ ಪ್ರತಿ ಸಲ ಬಂದಾಗಲೂ ಆ ಮರಳು ಕಡಿಮೆಯಾಗಿರುತ್ತಿತ್ತು. ಆಮೇಲೆ ಸಮುದ್ರ ಮಳೆಗಾಲದಲ್ಲಿ ತೆಂಗಿನ ಮರಗಳಿಗೂ ಕೈ ಹಾಕಿತು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಸಾಲಿಗೆ ಸಾಲೇ ಹೋಗಿ, ನೀರಿಗೂ ನಮ್ಮ ಬಕುಳದ ಮರಕ್ಕೂ ನಡುವೆ ಒಂದು ದೋಣಿ ಎಳೆದಿಡುವಷ್ಟು ಜಾಗ ಉಳಿದಿತ್ತು.

ಆ ಮರದ ಬುಡದಲ್ಲಿ ನನ್ನ ಮಗಳಿದ್ದಳು.

ಬಾಣಂತನಕ್ಕೆಂದು ತವರಿಗೆ ಬಂದಿದ್ದೆ. ಮಗು ಹುಟ್ಟಿತು, ಅತ್ತಿತು, ಹಾಲು ಕುಡಿಯಿತು. ಹೆಸರಿಡುವ ದಿನಕ್ಕೆ ಮೊದಲೇ ಜ್ವರ ಬಂತು. ಭಟ್ಕಳದ ಡಾಕ್ಟರ ಬಾಗಿಲು ಮುಟ್ಟುವಷ್ಟರಲ್ಲಿ ನನ್ನ ತೋಳಲ್ಲೇ ತಣ್ಣಗಾಯಿತು. ಹಲ್ಲು ಬಾರದ ಮಗುವನ್ನು ನಮ್ಮಲ್ಲಿ ಸುಡುವುದಿಲ್ಲ, ಹುಗಿಯುತ್ತಾರೆ. ಅದಕ್ಕೆ ಸೂತಕವಿಲ್ಲ, ತಿಥಿಯಿಲ್ಲ, ವರ್ಷಕ್ಕೊಂದು ಎಡೆಯೂ ಇಲ್ಲ. ಹೆಸರಿಡುವ ದಿನಕ್ಕೆ ಬರಬೇಕೆಂದು ಕುಮಟೆಯಲ್ಲಿ ಹೊಸ ಅಂಗಿ ಹೊಲಿಸಿಕೊಂಡು ಕೂತಿದ್ದ ನನ್ನ ಗಂಡ ಸುದ್ದಿ ಸಿಕ್ಕಿ ಬಂದಾಗ ಎಲ್ಲ ಮುಗಿದಿತ್ತು. ಅವರು ಮಗುವನ್ನು ನೋಡಲೇ ಇಲ್ಲ. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಅಣ್ಣ ಕೊಟ್ಟ ಚಾ ಕುಡಿದು, ಸಂಜೆಯ ಬಸ್ಸಿಗೆ ಹೋದರು. ಆ ಮೇಲೆ ಆ ವಿಷಯ ಒಂದು ಸಲವೂ ಅವರ ಬಾಯಲ್ಲಿ ಬರಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದರು. ಇಂಥ ಗಂಡಸಿನ ಜೊತೆ ಬಾಳುವುದಕ್ಕಿಂತ ಗೋಡೆಯ ಜೊತೆ ಬಾಳಬಹುದು ಎಂದು ನನಗೆ ಅನಿಸಿದ್ದುಂಟು.

ಗುಂಡಿ ಮುಚ್ಚಿದ ಮೇಲೆ ಗುರುತಿರಲಿ ಎಂದು ಅವ್ವಿ ಅಲ್ಲೊಂದು ಬಕುಳದ ಗಿಡ ನೆಟ್ಟಿದ್ದಳು. ನನ್ನ ಮಗಳಿದ್ದಳು ಎನ್ನುವುದಕ್ಕೆ ಈ ಲೋಕದಲ್ಲಿದ್ದ ಗುರುತು ಅದೊಂದೇ. ಮತ್ತೆ ನನಗೆ ಮಕ್ಕಳಾಗಲಿಲ್ಲ. ಗಿಡ ಮರವಾಯಿತು, ಹೂ ಬಿಟ್ಟಿತು. ತವರಿಗೆ ಬಂದಾಗಲೆಲ್ಲ ಹೂ ಹೆಕ್ಕಿ ಬಾಳೆನಾರಿನಲ್ಲಿ ಪೋಣಿಸಿ ಕುಮಟೆಗೆ ತರುತ್ತಿದ್ದೆ. ಒಣಗಿದ ಮೇಲೂ ಪೆಟ್ಟಿಗೆಯಲ್ಲಿಟ್ಟ ಸೀರೆಗಳಿಗೆ ಅದರ ವಾಸನೆ ಇರುತ್ತಿತ್ತು.

ಆ ವರ್ಷ ದೀಪಾವಳಿಗೆ ಹೋದಾಗ ಅಣ್ಣ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದ. ಸಮುದ್ರದ ಕಡೆಯ ಮಣ್ಣು ಕುಸಿದು ಒಂದೆರಡು ಬೇರು ಹೊರಗೆ ಬಂದಿತ್ತು.

“ಮುಂದಿನ ಮಳೆಗಾಲಕ್ಕೆ ಇದು ನಿಲ್ಲೂದಿಲ್ಲ ತಂಗಿ,” ಅಂದ. ನನ್ನ ಮುಖ ನೋಡಿ ಮೆತ್ತಗೆ ಸೇರಿಸಿದ: “ಬುಡದಲ್ಲಿ ಬೀಜ ಬಿದ್ದದೆ. ಹೆಕ್ಕಂಡು ಹೋಗು. ಎಲ್ಲಾದ್ರೂ ಹುಟ್ತದೆ.”

ಎಲ್ಲರೂ ಅದನ್ನೇ ಹೇಳಿದರು, ಬೀಜ ಹಾಕು, ಬೀಜ ಹಾಕು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೀಜದಿಂದ ಹುಟ್ಟುವುದು ಬೇರೆ ಗಿಡ. ನನ್ನ ಮಗಳ ಮೈ ಕರಗಿ ಹೋಗಿದ್ದು ಈ ಮರದೊಳಗೆ. ನನಗೆ ಇದರ ಮಗು ಬೇಡ, ಇದೇ ಬೇಕು. ಇದನ್ನು ಬಾಯಿಬಿಟ್ಟು ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆಂದು ಸುಮ್ಮನಾದೆ.

ಕುಮಟೆಯಲ್ಲಿ ನಮ್ಮ ಬಾಡಿಗೆ ಮನೆಯ ಬೇಲಿಯಾಚೆ ಕತಗಾಲದಿಂದ ಬಂದ ಅಕ್ಕ ಒಬ್ಬರಿದ್ದರು. ನಮ್ಮಲ್ಲಿ ಮೀನು ಬೇಯುವ ಹೊತ್ತಿಗೆ ಅವರ ಕಿಟಕಿ ಮುಚ್ಚುತ್ತಿತ್ತು, ಉಳಿದ ಹೊತ್ತಿನಲ್ಲಿ ನಮ್ಮ ಮಾತಿಗೆ ಕೊನೆಯಿರಲಿಲ್ಲ. ಅವರಲ್ಲಿ ಮಾತ್ರ ಎಲ್ಲ ಹೇಳಿಕೊಂಡು ಅತ್ತೆ. ಅವರು ನಗಲಿಲ್ಲ.

“ಅದೇ ಮರ ಬೇಕು ಹೇಳಾದ್ರೆ ಗೂಟಿ ಕಟ್ಟವು,” ಅಂದರು. “ಬೇರೆ ದಾರಿ ಇಲ್ಲೆ.”

ಮರದ ಮೇಲಿರುವ ಕೊಂಬೆಗೇ ಬೇರು ಬರಿಸುವುದು ಗೂಟಿ. ಹೆಬ್ಬೆರಳು ದಪ್ಪದ ಕೊಂಬೆಯನ್ನು ಆರಿಸಿ, ಬಳೆಯಗಲ ಸಿಪ್ಪೆಯನ್ನು ಸುತ್ತ ಸುಲಿದು, ಆ ಗಾಯಕ್ಕೆ ಒದ್ದೆ ಪಾಚಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಬೇಕು. ಎಲೆಯಿಂದ ಕೆಳಗಿಳಿಯುವ ರಸ ಗಾಯದಲ್ಲಿ ನಿಂತು ಬೇರಾಗಿ ಒಡೆಯುತ್ತದೆ. ಬೇರು ತುಂಬಿದ ಮೇಲೆ ಕೊಂಬೆಯನ್ನು ಕಡಿದು ನೆಟ್ಟರೆ ಅದೇ ಮರ, ಬೇರೆ ನೆಲದಲ್ಲಿ. ಅಕ್ಕ ತಮ್ಮ ನಿಂಬೆ ಗಿಡದ ಮೇಲೆ ಮಾಡಿ ತೋರಿಸಿದರು. “ಆದ್ರೆ ಬಕುಳ ಹಟಮಾರಿ. ಮಳೆ ಹಿಡಿದ ಮೇಲೆ ಕಟ್ಟಿದ್ರೆ ಬಂದ್ರೆ ಬಂತು.”

ಮಳೆ ಹಿಡಿದ ಮೇಲೆ! ಮಳೆ ಹಿಡಿದರೆ ಸಮುದ್ರ ಬರುತ್ತದೆ. ಬೇರು ಒಡೆಯುವ ಕಾಲವೂ ಅದೇ, ಬೇರು ಕೀಳುವ ಕಾಲವೂ ಅದೇ. ಕಾಯುವ ಧೈರ್ಯ ನನಗಿರಲಿಲ್ಲ. ಮಾರ್ಚ್ ತಿಂಗಳ ಸೆಕೆಯಲ್ಲೇ ಬೆಳಕೆಗೆ ಹೋಗಿ ಚಾಕು ಹಿಡಿದೆ. ಸಿಪ್ಪೆ ಸುಲಿದಲ್ಲಿ ಬಿಳಿ ಹಾಲು ಒಸರಿತು. ಮಗು ಹೋದ ಮೇಲೂ ಎಷ್ಟೋ ದಿನ ನನ್ನ ಎದೆಯಲ್ಲಿ ಹಾಲು ನಿಂತಿರಲಿಲ್ಲ, ರವಿಕೆ ಒದ್ದೆಯಾಗುತ್ತಿತ್ತು, ಅವ್ವಿ ಎದೆಗೆ ಮಲ್ಲಿಗೆ ಹೂ ಕಟ್ಟಿ ಹಾಲು ಬತ್ತಿಸಿದ್ದಳು. ಕೈ ಮುಂದೆ ಹೋಗಲಿಲ್ಲ. ಉಳಿದದ್ದನ್ನು ಅಣ್ಣನೇ ಮಾಡಿದ.

ಬೇಸಿಗೆಯಲ್ಲಿ ಪಾಚಿ ಎಲ್ಲಿಂದ ಬರಬೇಕು? ಅದರ ಬದಲಿಗೆ ಅಣ್ಣ ತೆಂಗಿನ ನಾರು ತಂದು ಮೆತ್ತಿದ, ಬಲೆ ನೇಯುವ ದಾರದಲ್ಲಿ ಬಿಗಿದ. ಒಳ್ಳೆಯ ಮೆತ್ತನೆಯ ನಾರು, ನೀರು ಹಿಡಿದಿಡುತ್ತಿತ್ತು. ಅವ್ವಿ ದಿನಾ ಬಾವಿ ನೀರು ಚಿಮುಕಿಸಿದಳು. ಮೇ ತಿಂಗಳ ಕೊನೆಗೆ ಹೋಗಿ ಬಿಚ್ಚಿದರೆ ಗಾಯ ಕಪ್ಪಾಗಿತ್ತು. ಮೇಲಿನ ಎಲೆಗಳು ಅಂಚಿನಿಂದ ಸುಟ್ಟಂತೆ ಒಣಗಿದ್ದವು. ಕಟ್ಟಿದ ಎಲ್ಲ ಕೊಂಬೆಗಳ ಕತೆಯೂ ಅದೇ.

ಆ ನಾರನ್ನು ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ಕುಮಟೆಗೆ ಬಂದು ಅಕ್ಕನ ಮುಂದೆ ಸುರಿದೆ. ಅವರು ಒಂದೆಳೆ ನಾಲಿಗೆಗೆ ತಾಗಿಸಿ ಥೂ ಎಂದು ಉಗಿದರು.

“ಉಪ್ಪು ಇದ್ದಲ್ಲೇ ಇದ್ರಲ್ಲಿ! ಉಪ್ಪಲ್ಲಿ ಬೇರು ಹೇಂಗೆ ಬತ್ತು?”

ನಮ್ಮೂರಲ್ಲಿ ತೆಂಗಿನ ಸಿಪ್ಪೆಯನ್ನು ಅಳಿವೆಯ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆತ ಮೇಲೆ ಬಡಿದು ನಾರು ತೆಗೆಯುತ್ತಾರೆ. ಹಗ್ಗ, ಹಾಸಿಗೆ, ಪಾತ್ರೆ ತಿಕ್ಕುವುದು, ಎಲ್ಲ ಅದರಲ್ಲೇ. ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದ ವಸ್ತು, ಅದರಲ್ಲಿ ಉಪ್ಪಿದೆ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಮುದ್ರ ಬರುವ ಮುಂಚೆ ನಾವೇ ಆ ಕೊಂಬೆಗಳಿಗೆ ಸಮುದ್ರ ಕಟ್ಟಿದ್ದೆವು.

ಜೂನ್ ಬಂತು. ಅಕ್ಕ ಕತಗಾಲದ ತವರಿನ ಅಡಿಕೆ ಮರಗಳಿಂದ ಕೆರೆದ ಹಸಿ ಪಾಚಿಯನ್ನು ಅಡಿಕೆ ಹಾಳೆಯಲ್ಲೇ ಸುತ್ತಿ ಕೊಟ್ಟರು. ನಾನು ಬೆಳಕೆಗೆ ಹೊರಟೆ.

“ಈ ಮಳೆಯಲ್ಲಿ ಎಂತಕ್ಕೆ? ಒಂದು ಮರಕ್ಕಾಗಿ?” ಎಂದರು ಗಂಡ.

“ಮರ ಅಲ್ಲ ಅದು,” ಅಂದೆ. ಅವರು ಎದ್ದು ಹೋದರು. ನಾನೂ ಹೋದೆ.

ಈ ಸಲ ನಾನೇ ಸುಲಿದೆ, ನಾನೇ ಕಟ್ಟಿದೆ. ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಸುತ್ತಿದ್ದರಿಂದ ದಿನಕ್ಕೆ ನೂರು ಸಲ ಇಣುಕುವುದು ಸಾಧ್ಯವಾಯಿತು, ಅದೇ ಶಿಕ್ಷೆಯೂ ಆಯಿತು. ಅಣ್ಣ ದೋಣಿಯ ದಪ್ಪ ಹಗ್ಗದಿಂದ ಮರದ ಸೊಂಟವನ್ನು ದಿಣ್ಣೆಯ ಕಲ್ಲುಕಂಬಕ್ಕೆ ಬಿಗಿದ. ಅಲೆ ಒಂದೊಂದಾಗಿ ಬುಡದ ಮಣ್ಣು ತಿನ್ನುತ್ತಿತ್ತು. ಬುಟ್ಟಿಯಲ್ಲಿ ಕಲ್ಲು ತಂದು ಸುರಿದೆವು. ಮರುದಿನ ಕಲ್ಲೂ ಇಲ್ಲ, ಕಲ್ಲಿನಡಿಯ ಮಣ್ಣೂ ಇಲ್ಲ. ಸಮುದ್ರವನ್ನು ಬೇಡಿಕೊಂಡೆ, ಬೈದೆ, ತೆಂಗಿನಕಾಯಿ ಒಡೆದೆ, ಮತ್ತೆ ಬೈದೆ. ನನ್ನ ದೊಡ್ಡ ಹೆದರಿಕೆ ಮರದ್ದಾಗಿರಲಿಲ್ಲ. ಮಣ್ಣು ಕುಸಿಯುತ್ತ ಕುಸಿಯುತ್ತ ಅಲ್ಲಿ ಏನಾದರೂ ಕಂಡುಬಿಟ್ಟರೆ? ಕೊಂಬೆ ನೋಡುತ್ತಿದ್ದೆ, ಬುಡ ನೋಡುತ್ತಿರಲಿಲ್ಲ.

ಆಷಾಢ ಅಮಾವಾಸ್ಯೆಯ ಉಬ್ಬರ ಹತ್ತಿರ ಬಂದಾಗ ಒಂದು ಗೂಟಿಯಲ್ಲಿ ಮಾತ್ರ ಪಾಚಿಯ ನಡುವೆ ಬಿಳಿ ಎಳೆ ಕಂಡಿತು. ಸೂಜಿಗೆ ಪೋಣಿಸುವ ದಾರದಷ್ಟು ತೆಳ್ಳಗೆ. ಉಳಿದವು ಹಸಿರಾಗಿಯೇ ಇದ್ದವು, ಬೇರು ಮಾತ್ರ ಇಲ್ಲ. ಆ ಎಳೆ ಕಂದು ಬಣ್ಣಕ್ಕೆ ತಿರುಗುವವರೆಗೆ, ಹೆಚ್ಚು ಬೇರು ಬರುವವರೆಗೆ ಕಡಿಯಬಾರದೆಂದು ಅಕ್ಕ ಹೇಳಿದ್ದರು. ಇನ್ನೊಂದು ತಿಂಗಳಾದರೂ ಬೇಕಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಮರ ಒಮ್ಮೆ ನರಳಿತು. ಹಗ್ಗ ಬಿಗಿದು ಕಲ್ಲುಕಂಬ ಅಲುಗಿತು.

“ಕಡಿ!” ಎಂದು ಅವ್ವಿ ಮಳೆಯಲ್ಲಿ ಕೂಗಿದಳು.

“ಬೇರು ಬಲಿಲಿಲ್ಲ ಅವ್ವಿ, ಈಗ ಕಡಿದ್ರೆ ಸಾಯ್ತದೆ!”

“ಬಿಟ್ರೆ ಬದುಕ್ತದಾ? ಎಂತ ನೋಡ್ತೆ, ಕಡಿ!”

ಅಣ್ಣ ಹಗ್ಗ ಹಿಡಿದು ನಿಂತಿದ್ದ. ನಾನು ಗೂಟಿಯ ಕೆಳಗೆ ಕತ್ತಿ ಹಾಕಿದೆ. ಕೊಂಬೆಯನ್ನು ಎದೆಗವಚಿಕೊಂಡು ದಿಣ್ಣೆ ಹತ್ತುವಾಗ ಹಿಂದೆ ಮರ ಉರುಳಿದ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ. ಅಣ್ಣ ಎಂತ ಕಂಡ, ಎಂತ ಕಾಣಲಿಲ್ಲ, ನಾನು ಇವತ್ತಿನವರೆಗೂ ಕೇಳಿಲ್ಲ.

ಬೇಳೆಯ ಡಬ್ಬದಲ್ಲಿ ಅದನ್ನು ನೆಟ್ಟು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹೊನ್ನಾವರ ದಾಟುವಷ್ಟರಲ್ಲಿ ಎಲೆಗಳು ಜೋತು ಬಿದ್ದವು. ಕುಮಟೆ ಮುಟ್ಟಿದ ವಾರದಲ್ಲಿ ಎಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಅಕ್ಕ ಅದರ ಮೇಲೆ ಒದ್ದೆ ಬಟ್ಟೆ ಹೊದೆಸಿದರು. ನಾನು ಅಡುಗೆ ಬಿಟ್ಟೆ, ಸ್ನಾನ ಬಿಟ್ಟೆ. ಎರಡನೆಯ ಸಲ ನನ್ನ ತೋಳಲ್ಲೇ ಸತ್ತಿತೆಂದು ಜಗುಲಿಯಲ್ಲಿ ಕೈಚೆಲ್ಲಿ ಕೂತಿರುತ್ತಿದ್ದೆ. ಉಗುರಿನಿಂದ ಕೆರೆದರೆ ಸಿಪ್ಪೆಯೊಳಗೆ ಒಂದಿಷ್ಟು ಹಸಿರಿತ್ತು. ದಿನಾ ಕೆರೆದು ನೋಡುತ್ತಿದ್ದೆ, ಹಾಗೆ ಕೆರೆಯುವುದರಿಂದಲೇ ಸತ್ತೀತೆಂದು ಹೆದರುತ್ತಲೂ ಇದ್ದೆ. ನವರಾತ್ರಿಯ ಹೊತ್ತಿಗೆ ತುದಿಯಲ್ಲಿ ಅಕ್ಕಿಕಾಳಿನಂಥ ಚಿಗುರು ಬಂತು. ನಾನು ಹೋ ಎಂದು ಅತ್ತದ್ದು ಕೇಳಿ ಅಕ್ಕಪಕ್ಕದವರು ಯಾರೋ ತೀರಿಹೋದರೆಂದು ಓಡಿ ಬಂದರು.

ಬಾಡಿಗೆ ಮನೆ, ಸ್ವಂತ ನೆಲವಿಲ್ಲ. ಸಮುದ್ರ ಬರುವಲ್ಲಿ ಮತ್ತೆ ನೆಡುವ ಮಾತೇ ಇಲ್ಲ. ಅಗಲವಾದ ಮಣ್ಣಿನ ತಟ್ಟೆಯೊಂದರಲ್ಲಿ ಇಟ್ಟೆ. ಒಂದೆರಡು ವರ್ಷ ಬೆಳೆದು ಆಮೇಲೆ ಎಲೆ ಹಳದಿಯಾಗತೊಡಗಿತು. ಮುಂಬಯಿಯಿಂದ ರಜೆಗೆ ಬಂದಿದ್ದ ಅಕ್ಕನ ಮೈದುನ ನೋಡಿ, ಇದು ಬೊನ್ಸಾಯ್ ಆಗುತ್ತದೆ ಅಂದ. ತಟ್ಟೆಯಲ್ಲಿ ಬದುಕಬೇಕಾದರೆ ಆಗಾಗ ಮೇಲೆತ್ತಿ ಬೇರು ಕತ್ತರಿಸಬೇಕು, ಇಲ್ಲದಿದ್ದರೆ ತನ್ನ ಬೇರೇ ಬಿಗಿದು ಸಾಯುತ್ತದೆ ಎಂದ. ಎಷ್ಟು ಗೋಗರೆದು ಬರಿಸಿಕೊಂಡ ಬೇರು! ಕತ್ತರಿ ಹಿಡಿದು ಎಷ್ಟೋ ಹೊತ್ತು ಕೂತೆ, ಆಗಲಿಲ್ಲ.

ಅದು ಭಾನುವಾರ, ಗಂಡ ಮನೆಯಲ್ಲಿದ್ದರು. ಪೇಪರು ಮಡಚಿಟ್ಟು ಬಂದು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡರು. ನೆಲದ ಮೇಲೆ ಕೂತು, ಗಿಡವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೇರಿನ ಮಣ್ಣನ್ನು ಬೆರಳಿನಿಂದ ಒಂದೊಂದೇ ಎಳೆಯಾಗಿ ಬಿಡಿಸಿದರು. ಒಂದು ಬೇರು ಕತ್ತರಿಸಿದರು. ಇನ್ನೊಂದಕ್ಕೆ ಕತ್ತರಿ ಹಚ್ಚಿದವರು ಹಾಗೇ ಕೂತುಬಿಟ್ಟರು.

“ಯಾರ ಹಾಗಿತ್ತು ಅದು?” ಎಂದು ತಲೆಯೆತ್ತದೆ ಕೇಳಿದರು. “ಮುಖ.”

ಈ ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಹೇಳಲು ಬಾಯಿ ತೆರೆದೆ. ಮೂಗು, ಕಣ್ಣು, ಹಣೆ, ಯಾವುದೂ ಬರಲಿಲ್ಲ. ಎಷ್ಟು ಹುಡುಕಿದರೂ ಆ ಮರವೇ ಕಾಣುತ್ತಿತ್ತು, ಅದರ ಎಲೆ, ಅದರ ಕೊಂಬೆ. ಮಗುವಿನ ಮುಖ ನನಗೆ ಮರೆತುಹೋಗಿತ್ತು.

“ನಿಮ್ಮ ಹಾಗೇ,” ಅಂದೆ.